ಸೆಮಿ-ಆಟೊಮ್ಯಾಟಿಕ್ ಬಿಡು ತಮ್ಮಾ, ಹತ್ತು ಮೀಟರ್ ಜಾಗ ಕೇಳು

ರಾಣೆಬೆನ್ನೂರು ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಸಂಜೆ ಹೊತ್ತು ನಾವು ನಾಲ್ಕು ಜನ ವರದಿಗಾರರು ಸೇರುವುದು ರೂಢಿ. ಸುದ್ದಿ ಇದ್ದ ದಿನ ಸುದ್ದಿ, ಇಲ್ಲದ ದಿನ ಮಿರ್ಚಿ-ಮಂಡಕ್ಕಿ. ಹೋದ ತಿಂಗಳು ಅಲ್ಲಿಗೆ ಒಬ್ಬ ಹುಡುಗ ಬಂದ. ಪಿಯುಸಿ ಮುಗಿಸಿದ್ದಾನೆ, ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದ್ದಾನೆ, ಕ್ಯಾಂಪಿನಲ್ಲಿ ಪಾಯಿಂಟ್ 22 ರೈಫಲ್ಲಿನಿಂದ ಐದು ಗುಂಡು ಹೊಡೆದು ಐದನ್ನೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂಡಿಸಿದ್ದನಂತೆ. ಅವನ ಜೊತೆ ಬಂದಿದ್ದ ಗೆಳೆಯನೂ ಅದನ್ನೇ ಹೇಳಿದ.

“ಅಣ್ಣಾರ, ಶೂಟಿಂಗ್ ಕಾಂಪಿಟೇಶನ್‌ಗೆ ಹೋಗಬೇಕಂತ ಮಾಡೇನ್ರಿ. ಸೆಮಿ-ಆಟೊಮ್ಯಾಟಿಕ್ ರೈಫಲ್‌ನಾಗ ಕಡಿಮಿ ರೊಕ್ಕದ್ದು ಯಾವುದು ಚಲೋ ಐತ್ರಿ?”

“ಯಾವ ಕಾಂಪಿಟೇಶನ್ ತಮ್ಮಾ?”

“ಒಲಿಂಪಿಕ್ಸ್‌ದಾಗ ಇರತೈತಲ್ರಿ, ಅದ.”

ಮೊಬೈಲ್ ತೆಗೆದು ತೋರಿಸಿದ. ಅಮೆರಿಕದವನೊಬ್ಬ ಮೇಜಿನ ಮೇಲೆ ಆರೇಳು ಕಪ್ಪು ರೈಫಲ್ ಸಾಲಾಗಿಟ್ಟು, ಒಂದೊಂದರ ಬೆಲೆ ಹೇಳುತ್ತ ಹೋಗುವ ವಿಡಿಯೊ. ಅದರ ಕೆಳಗೆ ಇನ್ನೊಂದು ಕಿಟಕಿಯಲ್ಲಿ, ಹಿಂದಿಯಲ್ಲಿ ಬಂದ ಒಂದು ಸಂದೇಶ: ಲೈಸೆನ್ಸ್ ಬೇಡ, ಮನೆಗೇ ಬರುತ್ತದೆ, ಐದು ಸಾವಿರ ಅಡ್ವಾನ್ಸ್ ಹಾಕಿ. ಹುಡುಗ ಇನ್ನೂ ಹಾಕಿರಲಿಲ್ಲ. ಹಾಕುವವನಿದ್ದ.

ನಾವು ನಕ್ಕಿದ್ದೇನೋ ನಿಜ. ಆಮೇಲೆ ನಾಚಿಕೆಯಾಯಿತು. ನಮ್ಮ ನಾಲ್ವರಲ್ಲಿ ಇಬ್ಬರು “ಡಿಸಿ ಆಫೀಸಿಗೆ ಅರ್ಜಿ ಹಾಕಿದರ ಸಿಗತೈತಿ” ಎಂದರು, ಒಬ್ಬರು “ಸಿಗಂಗಿಲ್ಲ” ಎಂದರು, ಇನ್ನೊಬ್ಬರು ಮಂಡಕ್ಕಿ ತಿನ್ನುತ್ತಿದ್ದರು. ಕೊಲೆ, ಕಳ್ಳತನ, ಕೋವಿ ಜಪ್ತಿಯ ಸುದ್ದಿಯನ್ನು ವರ್ಷಗಟ್ಟಲೆ ಬರೆದವರು ನಾವು. ಒಬ್ಬ ಹುಡುಗ ಆಟ ಆಡಲು ರೈಫಲ್ ಕೇಳಿದರೆ ಏನು ಹೇಳಬೇಕೆಂದು ಗೊತ್ತಿಲ್ಲ. ಅದಕ್ಕೇ ಕೂತು ಓದಿದೆವು, ಕೇಳಿದೆವು. ಓದಿದ ಮೇಲೆ ಸಿಟ್ಟು ಬಂತು. ಆ ಸಿಟ್ಟನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕಾನೂನು. ನಮ್ಮಲ್ಲಿ ಬಂದೂಕಿಗೆ ಮೂಲ 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಕೆಳಗೆ 2016ರ ಶಸ್ತ್ರಾಸ್ತ್ರ ನಿಯಮಗಳು. ಆ ನಿಯಮಗಳ ಮೊದಲ ಅನುಸೂಚಿಯಲ್ಲಿ ಶಸ್ತ್ರಗಳನ್ನು ವರ್ಗ ಮಾಡಿಟ್ಟಿದ್ದಾರೆ. ಟ್ರಿಗರ್ ಒತ್ತಿ ಹಿಡಿದರೆ ಗುಂಡು ಹಾರುತ್ತಲೇ ಇರುವ ಆಟೊಮ್ಯಾಟಿಕ್ ಶಸ್ತ್ರ ಸೀದಾ ನಿಷೇಧಿತ. ಒಂದೊಂದು ಒತ್ತಿಗೆ ಒಂದೊಂದು ಗುಂಡು ಹಾರಿ, ಮುಂದಿನದು ತಾನೇ ಬಂದು ಕೂರುವ ಸೆಮಿ-ಆಟೊಮ್ಯಾಟಿಕ್ ರೈಫಲ್ ಅದರ ಪಕ್ಕದಲ್ಲೇ, ಮೊದಲ ವರ್ಗದಲ್ಲೇ ಇದೆ. ಪೊಲೀಸರು, ಸೈನಿಕರು ಬಳಸುವ .303, 7.62 ಎಂ.ಎಂ. ಗುಂಡು ಹಿಡಿಯುವ ಯಾವುದೇ ರೈಫಲ್ ಕೂಡ ಅಲ್ಲೇ. ಮಾಮೂಲಿ ಬಂದೂಕಿಗೆ ಪರವಾನಗಿ ಕೊಡುವವರು ಜಿಲ್ಲಾಧಿಕಾರಿ. ಈ ವರ್ಗದ್ದಕ್ಕೆ ಕಡತ ದೆಹಲಿಗೆ, ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಬೇಕು, ಉಗ್ರರ ಬೆದರಿಕೆಯಂಥ ಪ್ರಾಣಭಯ ಇರುವವರ ಹೆಸರಿನಲ್ಲಿ. ಮೆಡ್ಲೇರಿ ಕಡೆಯ ರೈತನ ಮಗನ ಅರ್ಜಿ ಅಲ್ಲಿ ಯಾವ ಲೆಕ್ಕ?

ಪರವಾನಗಿ ಇಲ್ಲದೆ ತೆಗೆದುಕೊಂಡರೆ? 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಒಬ್ಬನ ಹೆಸರಲ್ಲಿ ಮೂರು ಬಂದೂಕು ಇರಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಮದುವೆ-ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪರವಾನಗಿಯಿಲ್ಲದ ಬಂದೂಕು ಸಿಕ್ಕರೆ ಕನಿಷ್ಠ 2 ವರ್ಷ, ಹೆಚ್ಚೆಂದರೆ 5. ಅದು ನಿಷೇಧಿತ ಶಸ್ತ್ರ ಎಂದು ಕೋರ್ಟು ಎಣಿಸಿತೋ, 7ರಿಂದ 14 ವರ್ಷ. ಆ ಐದು ಸಾವಿರದ ಅಡ್ವಾನ್ಸಿನ ಹಿಂದೆ ಇರುವುದು ಇದು. ಹೆಚ್ಚಿನ ಸಲ ರೈಫಲ್ ಬರುವುದೇ ಇಲ್ಲ, ರೊಕ್ಕ ಮಾತ್ರ ಹೋಗುತ್ತದೆ. ಅದು ಹುಡುಗನ ಪುಣ್ಯ. ನಿಜಕ್ಕೂ ಬಂದರೆ ಅವನ ಹೆಸರು ನಾವೇ ಬರೆಯಬೇಕಾಗುತ್ತದೆ, ಕ್ರೀಡಾ ಪುಟದಲ್ಲಿ ಅಲ್ಲ.

ನಮ್ಮ ಊರಿಗೆ ಇನ್ನೊಂದು ಗಂಟಿದೆ. ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ. 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿ.ಮೀ. ವಿಸ್ತಾರ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮು ಏನು ಹೇಳುತ್ತದೆಂದರೆ, ಅಭಯಾರಣ್ಯದ ಸುತ್ತ ಹತ್ತು ಕಿ.ಮೀ. ಒಳಗೆ ಮುಖ್ಯ ವನ್ಯಜೀವಿ ಪರಿಪಾಲಕರು ಮೊದಲೇ ಒಪ್ಪಿಗೆ ಕೊಡದೆ ಹೊಸ ಬಂದೂಕು ಪರವಾನಗಿ ಕೊಡುವಂತಿಲ್ಲ. ನಮ್ಮ ತಾಲ್ಲೂಕಿನ ಎಷ್ಟೋ ಊರು ಈ ಹತ್ತು ಕಿ.ಮೀ. ಒಳಗೇ ಬೀಳುತ್ತವೆ. ಅಂದರೆ ಸೆಮಿ-ಆಟೊಮ್ಯಾಟಿಕ್ ಹಾಗಿರಲಿ, ಕ್ರೀಡೆಗೆಂದು ಸಾದಾ ಪಾಯಿಂಟ್ 22 ರೈಫಲ್ ಕೇಳಿದರೂ ಪೊಲೀಸ್ ವರದಿ, ಜಿಲ್ಲಾಧಿಕಾರಿ ಕಚೇರಿ, ಅದರ ಮೇಲೆ ಅರಣ್ಯ ಇಲಾಖೆ. ಗೋವಿನಜೋಳದ ಹೊಲಕ್ಕೆ ಚಿಗರಿ ಹಿಂಡು ಇಳಿದಾಗ ರೈತ ತಗಡು ಬಡಿಯುತ್ತಾನೆ, ಬೆಳೆ ರಕ್ಷಣೆಗೆ ಕೋವಿ ಇಟ್ಟವನು ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ತರುತ್ತಾನೆ. ಕೊಡಗಿನವರ ಕಥೆ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ, 2029ರವರೆಗೆ ಮುಂದುವರಿಸಿದ್ದಾರೆ. ನಮಗೆ ಅಂಥದ್ದೇನೂ ಇಲ್ಲ, ಬೇಕೆಂದು ನಾವು ಕೇಳುತ್ತಲೂ ಇಲ್ಲ. ಕೃಷ್ಣಮೃಗದ ಪಕ್ಕದಲ್ಲಿ ಬಂದೂಕು ಕಡಿಮೆ ಇದ್ದಷ್ಟೂ ಚಲೋ.

ಇಲ್ಲಿಗೆ ನಿಂತರೆ ಇದು “ಕಾನೂನು ಬಿಗಿ, ಬಡವರ ಮಕ್ಕಳು ಶೂಟಿಂಗ್ ಆಡುವುದು ಹೇಗೆ” ಎಂಬ ಮಾಮೂಲಿ ಅಳು ಆಗುತ್ತದೆ. ನಮ್ಮ ತಕರಾರು ಅದಲ್ಲ. ಹುಡುಗ ಕೇಳಿದ ಪ್ರಶ್ನೆಯೇ ತಪ್ಪು, ಮತ್ತು ಅದು ತಪ್ಪು ಎಂದು ಅವನಿಗೆ ಹೇಳುವವರು ಈ ಜಿಲ್ಲೆಯಲ್ಲಿ ಒಬ್ಬರೂ ಇರಲಿಲ್ಲ. ಅದೇ ನಮ್ಮ ತಕರಾರು.

ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಯಲ್ಲಿ ಸೆಮಿ-ಆಟೊಮ್ಯಾಟಿಕ್ ರೈಫಲ್ಲಿಗೆ ಜಾಗವೇ ಇಲ್ಲ. ಅಲ್ಲಿರುವುದು ಎರಡು: 10 ಮೀಟರ್ ಏರ್ ರೈಫಲ್, 50 ಮೀಟರ್ ತ್ರೀ ಪೊಸಿಷನ್. ಎರಡರಲ್ಲೂ ಒಂದು ಗುಂಡು ಹಾಕು, ಒಂದು ಹೊಡೆ, ಮತ್ತೆ ಕೈಯಿಂದ ಇನ್ನೊಂದು ಹಾಕು. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆಯ ನಿಯಮವೇ ಹಾಗೆ. ಸೆಮಿ-ಆಟೊಮ್ಯಾಟಿಕ್ ಬೇಕಾಗುವುದು 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲಿನಲ್ಲಿ. ಕೊನೆಯ ಸುತ್ತಿನಲ್ಲಿ ನಾಲ್ಕು ಸೆಕೆಂಡಿನಲ್ಲಿ ಐದು ಗುರಿಗೆ ಐದು ಗುಂಡು, 2012ರ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಅದರಲ್ಲಿ. ಅದು ಪಿಸ್ತೂಲು, ರೈಫಲ್ ಅಲ್ಲ.

ಹಾಗಾದರೆ ಹುಡುಗ ನೋಡಿದ ವಿಡಿಯೊ ಸುಳ್ಳೇ? ಸುಳ್ಳಲ್ಲ, ಬೇರೆ ದೇಶದ್ದು. ಅಮೆರಿಕದಲ್ಲಿ ಸೆಮಿ-ಆಟೊಮ್ಯಾಟಿಕ್ ರೈಫಲ್ ಹಿಡಿದು ಆಡುವ ಸ್ಪರ್ಧೆಗಳಿವೆ, ನೂರಾರು ಗಜ ದೂರದ ಗುರಿಗೆ ಹೊಡೆಯುತ್ತಾರೆ. ಅಲ್ಲಿ “ಅಗ್ಗದ್ದು ಯಾವುದು” ಎಂಬ ಪ್ರಶ್ನೆಗೆ ಅರ್ಥವಿದೆ. ಉಳಿದ ಕಡೆ ಏನಾಯಿತು ನೋಡಿ. ಬ್ರಿಟನ್ನಿನ ಹಂಗರ್‌ಫರ್ಡ್ ಎಂಬ ಊರಲ್ಲಿ 1987ರಲ್ಲಿ ಒಬ್ಬ ಹುಚ್ಚೆದ್ದು ಜನರನ್ನು ಕೊಂದ. ಮರು ವರ್ಷ ದೊಡ್ಡ ಗುಂಡಿನ ಸೆಮಿ-ಆಟೊಮ್ಯಾಟಿಕ್ ರೈಫಲ್ ಅಲ್ಲಿ ನಿಷೇಧವಾಯಿತು, ಪಾಯಿಂಟ್ 22ರದ್ದು ಮಾತ್ರ ಉಳಿಯಿತು. ಆಸ್ಟ್ರೇಲಿಯಾದಲ್ಲಿ 1996ರ ಪೋರ್ಟ್ ಆರ್ಥರ್ ಹತ್ಯೆಯ ನಂತರ, ನ್ಯೂಜಿಲೆಂಡ್‌ನಲ್ಲಿ 2019ರ ಕ್ರೈಸ್ಟ್‌ಚರ್ಚ್ ಮಸೀದಿಗಳ ಹತ್ಯೆಯ ನಂತರ ಹೀಗೇ ಬಿಗಿ ಮಾಡಿದರು. ಕೆನಡಾ 2020ರಲ್ಲಿ ಮಾಡಿತು. ಆ ದೇಶಗಳಿಂದ ಒಲಿಂಪಿಕ್ ಶೂಟರ್‌ಗಳು ಬರುವುದು ನಿಂತಿಲ್ಲ. ಆದ್ದರಿಂದ “ನಿರ್ಬಂಧ ಸಡಿಲಿಸಿ, ಕ್ರೀಡೆ ಬೆಳೆಯುತ್ತದೆ” ಎಂದು ಜಾಲತಾಣದಲ್ಲಿ ಕೂಗುವ ಬಂದೂಕು ಪ್ರಿಯರ ಮಾತನ್ನು ನಾವು ಒಪ್ಪುವುದಿಲ್ಲ. ಅವರಿಗೆ ಬೇಕಾದದ್ದು ಕ್ರೀಡೆಯಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡು ಜಾತ್ರೆಗೆ ಹೋಗುವ ಒಂದು ವಸ್ತು.

ನಮ್ಮ ಹುಡುಗನಿಗೆ ಬೇಕಾದದ್ದು ಏರ್ ರೈಫಲ್. ಅದಕ್ಕೆ ಪರವಾನಗಿಯೇ ಬೇಡ! .177 ಬೋರ್, ಅಂದರೆ 4.5 ಎಂ.ಎಂ., ಮತ್ತು ಶಕ್ತಿ 20 ಜೌಲ್ ಮೀರದಿದ್ದರೆ ಗುರುತಿನ ಚೀಟಿ ಕೊಟ್ಟು ಅಂಗಡಿಯಲ್ಲಿ ಕೊಳ್ಳಬಹುದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು ಈ 10 ಮೀಟರ್ ಏರ್ ರೈಫಲ್‌ನಲ್ಲೇ. ಗುರಿಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್, ರಾಗಿ ಕಾಳಿಗಿಂತ ಸಣ್ಣದು. ಒಂದು ಗಂಟೆ ಹದಿನೈದು ನಿಮಿಷದಲ್ಲಿ ಅರವತ್ತು ಸಲ ಹೊಡೆಯಬೇಕು. ಒಂದೊಂದಕ್ಕೂ ಗರಿಷ್ಠ 10.9, ಒಟ್ಟು 654. ವೇಗ ಯಾರಿಗೂ ಬೇಕಿಲ್ಲ. ಉಸಿರು ಹಿಡಿದು ನಿಂತ ಜಾಗದಲ್ಲಿ ಕಲ್ಲಾಗುವ ಆಟ ಇದು. ಹತ್ತಿ ಬಿಡಿಸುವ, ಬೀಜದ ಪ್ಲಾಟಿನಲ್ಲಿ ಹೂ ಕ್ರಾಸಿಂಗ್ ಮಾಡುವ ನಮ್ಮ ತಾಲ್ಲೂಕಿನ ಹೆಣ್ಣುಮಕ್ಕಳ ಕೈ ನೋಡಿದವರಿಗೆ ಈ ಆಟ ಯಾರಿಗೆ ಒಗ್ಗುತ್ತದೆಂದು ಹೇಳಬೇಕಿಲ್ಲ.

ಕಾನೂನು ಬಾಗಿಲು ತೆರೆದಿಟ್ಟ ಜಾಗದಲ್ಲಿ ಬೆಲೆ ಅಡ್ಡ ಮಲಗಿದೆ. ಸ್ಪರ್ಧೆಯ ಮಟ್ಟದ ಜರ್ಮನ್ ಏರ್ ರೈಫಲ್, ವಾಲ್ಥರ್, ಫೈನ್‌ವರ್ಕ್‌ಬೌ, ಆನ್‌ಶುಟ್ಸ್ ಇಂಥವು, ಎರಡು ಲಕ್ಷ ರೂಪಾಯಿ ದಾಟುತ್ತವೆ. ಎರಡೂವರೆ ಲಕ್ಷ ಎಂದೇ ಹಿಡಿಯೋಣ. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ಆ ದರದಲ್ಲೇ ಮಾರಿದರೂ ಒಂದು ರೈಫಲ್‌ಗೆ ನೂರಾನಾಲ್ಕು ಕ್ವಿಂಟಲ್. ನಾಲ್ಕೈದು ಎಕರೆಯ ಇಡೀ ಫಸಲು, ಬೀಜ-ಗೊಬ್ಬರ-ಕೂಲಿ ಕಳೆಯದೆ. ಆ ದರ ಮಾರುಕಟ್ಟೆಯಲ್ಲಿ ಸಿಕ್ಕಿತೇ ಎಂಬುದನ್ನು ಈ ಜಿಲ್ಲೆಯ ಓದುಗರಿಗೆ ನಾವು ಹೇಳುವುದು ಬೇಡ. ರೈಫಲ್ ಒಂದೇ ಸಾಲದು. ಬೆನ್ನು ಬಾಗದಂತೆ ಹಿಡಿಯುವ ಗಟ್ಟಿ ಕ್ಯಾನ್ವಾಸ್ ಜಾಕೆಟ್, ಪ್ಯಾಂಟು, ಅಡಿ ಚಪ್ಪಟೆಯಾದ ಬೂಟು, ಕೈಗವಸು. ದಿನಾ ಅಭ್ಯಾಸಕ್ಕೆ ಪೆಲೆಟ್. ಗಾಳಿ ತುಂಬಲು 200 ಬಾರ್ ಒತ್ತಡದ ವ್ಯವಸ್ಥೆ, ಸೈಕಲ್ ಪಂಪಿನಿಂದ ಆಗುವ ಕೆಲಸವಲ್ಲ.

ಸರಕಾರ ಕ್ರೀಡಾಪಟುಗಳಿಗೆ ಏನೂ ಮಾಡಿಲ್ಲ ಎನ್ನುವಂತಿಲ್ಲ. ಮಾಡಿದ್ದು ಯಾರಿಗೆ ಎಂಬುದನ್ನು ನೋಡಿ. 2020ರ ಫೆಬ್ರುವರಿಯಲ್ಲಿ ಗೃಹ ಸಚಿವಾಲಯ ನಿಯಮ ಸಡಿಲಿಸಿತು. ಹೆಸರು ಮಾಡಿದ ಶೂಟರ್ ಎರಡಕ್ಕಿಂತ ಹೆಚ್ಚು ಸ್ಪರ್ಧೆಯಲ್ಲಿ ಪರಿಣತನಾಗಿದ್ದರೆ 12 ಶಸ್ತ್ರ ಇಟ್ಟುಕೊಳ್ಳಬಹುದು. ಪಾಯಿಂಟ್ 22ರ ಗುಂಡು ಸಾವಿರ ಇದ್ದದ್ದು ಐದು ಸಾವಿರ ಆಯಿತು. ಚಲೋ ಕೆಲಸವೇ. ಆದರೆ ಇವೆಲ್ಲ ಹೆಸರು ಮಾಡಿದ ಮೇಲೆ ಸಿಗುವ ಸವಲತ್ತು. ಹೆಸರು ಮಾಡುವುದಕ್ಕೆ ಮೊದಲು ರೈಫಲ್ ಬೇಕಲ್ಲ, ಅದನ್ನು ಕೊಡುವವರು ಯಾರು? ಹನ್ನೆರಡು ರೈಫಲ್ ಇಡಬಲ್ಲವನ ಗೋಡೆಯ ಬಗ್ಗೆ ದೆಹಲಿ ಯೋಚಿಸಿದೆ. ಒಂದನ್ನೂ ಮುಟ್ಟದವನ ಕೈಯ ಬಗ್ಗೆ ಬೆಂಗಳೂರು ಯೋಚಿಸಿಲ್ಲ.

ಪಕ್ಕದ ಮಹಾರಾಷ್ಟ್ರ ಯೋಚಿಸಿತು. 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿ ಎಂಬ ಹಳ್ಳಿಯವನು. ಆಗ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ನೌಕರಿಯಲ್ಲಿದ್ದ. ಅಪ್ಪ ಮಾಸ್ತರು. ನಮ್ಮೂರಿನ ಯಾವ ಮನೆಯ ಹುಡುಗನಾದರೂ ಆಗಬಹುದಿತ್ತು. ಅಲ್ಲಿನ ಸರಕಾರದ ಕ್ರೀಡಾ ಪ್ರಬೋಧಿನಿ ಎಂಬ ವಸತಿ ಯೋಜನೆಗೆ ಆಯ್ಕೆಯಾಗಿ, ನಾಸಿಕ್‌ನಲ್ಲಿ ಶೂಟಿಂಗ್ ಹಿಡಿದ. ಸರಕಾರದ ರೇಂಜು, ಸರಕಾರದ ರೈಫಲ್ಲು. ಅವನಿಗೆ ಕೈ ಇತ್ತು, ಸರಕಾರ ಅದರಲ್ಲಿ ರೈಫಲ್ ಇಟ್ಟಿತು. ನಮ್ಮ ಹುಡುಗನಿಗೂ ಕೈ ಇದೆ, ಅದರಲ್ಲಿ ಮೊಬೈಲ್ ಇದೆ.

ಕರ್ನಾಟಕದಲ್ಲಿ ಶೂಟರ್‌ಗಳು ಇಲ್ಲವೆಂದಲ್ಲ. ಪ್ರಕಾಶ್ ನಂಜಪ್ಪ, 2023ರಲ್ಲಿ ಏರ್ ರೈಫಲ್‌ನಲ್ಲಿ ದೇಶಕ್ಕೆ ಒಲಿಂಪಿಕ್ ಕೋಟಾ ತಂದ ತಿಲೋತ್ತಮಾ ಸೇನ್, ಇಬ್ಬರೂ ಬೆಂಗಳೂರಿನವರು. ಬೆಂಗಳೂರು ದಾಟಿ ಈಚೆ ಬಂದರೆ ಹುಬ್ಬಳ್ಳಿ. ಅಲ್ಲಿನ ಶ್ರೀಹರ್ಷ ದೇವರೆಡ್ಡಿ 2022ರಲ್ಲಿ ಫ್ರಾನ್ಸಿನ ಶಾಟೊರೂದಲ್ಲಿ ನಡೆದ ಪ್ಯಾರಾ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದರು, ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋಗಿಬಂದರು. ನಮ್ಮಿಂದ ರೈಲಿನಲ್ಲಿ ಎರಡು ತಾಸಿನ ದಾರಿ. ಅವರ ಸುದ್ದಿಯನ್ನು ನಮ್ಮಲ್ಲಿ ಎಷ್ಟು ಜನ ಬರೆದೆವು? ಹಾವೇರಿ ಆವೃತ್ತಿಗೆ “ನಮ್ಮ ಜಿಲ್ಲೆಯವರಲ್ಲ” ಎಂಬ ಒಂದೇ ಕಾರಣಕ್ಕೆ ಬರೆಯಲಿಲ್ಲ. ಬೈಯುವಾಗ ನಮ್ಮನ್ನೂ ಬೈದುಕೊಳ್ಳಬೇಕು.

ರೊಕ್ಕ ಇಲ್ಲದ ಜಿಲ್ಲೆ ಇದಲ್ಲ. ದೀಪಾವಳಿ ಆದ ಮೇಲೆ ಹೋರಿ ಹಬ್ಬ ನೋಡಿ. ಕೊಬ್ಬರಿ ಕಟ್ಟಿದ ಹೋರಿಗೆ ಲಕ್ಷಗಟ್ಟಲೆ ಬೆಲೆ, ಬಹುಮಾನಕ್ಕೆ ಬೈಕು, ಬಂಗಾರ, ಊರೂರಿಗೆ ಫ್ಲೆಕ್ಸು. ನಾವು ಹೋರಿ ಹಬ್ಬದ ವಿರೋಧಿಗಳಲ್ಲ, ಅದರ ಗುಂಗು ನಮಗೂ ಗೊತ್ತು. ಒಂದು ಊರಿನ ಹಬ್ಬದ ಬಹುಮಾನದ ರೊಕ್ಕದಲ್ಲಿ ಎರಡು ಏರ್ ರೈಫಲ್ ಬಂದು, ಅದರಲ್ಲಿ ಹತ್ತು ವರ್ಷ ಮಕ್ಕಳು ಆಡಬಹುದು ಎಂದಷ್ಟೇ ಲೆಕ್ಕ ಹೇಳುತ್ತಿದ್ದೇವೆ. ಬೀಜದ ಕಂಪನಿಗಳು ನಮ್ಮೂರಲ್ಲಿ ಸಾಲಾಗಿ ನಿಂತಿವೆ. ಸಾಮಾಜಿಕ ಹೊಣೆಯ ಹೆಸರಲ್ಲಿ ಬಸ್ ಸ್ಟಾಪಿಗೆ ತಗಡಿನ ನೆರಳು ಹಾಕಿ, ನೆರಳಿಗಿಂತ ದೊಡ್ಡ ಬೋರ್ಡು ಬರೆಸುತ್ತಾರೆ.

ಬೇಕಾದ ಜಾಗ ಎಷ್ಟು? ಹತ್ತು ಮೀಟರ್. ಮೂವತ್ಮೂರು ಅಡಿ. ಹಿಂದೆ ನಿಲ್ಲಲು, ಮುಂದೆ ಗುರಿ ಕಟ್ಟಲು ಸೇರಿಸಿ ಐವತ್ತು ಅಡಿಯ ಒಂದು ಹಾಲು. ಗುರಿ ನೆಲದಿಂದ 1.4 ಮೀಟರ್ ಎತ್ತರದಲ್ಲಿ, ಹಿಂದೆ ಕಬ್ಬಿಣದ ತಗಡು, ಅದರ ಹಿಂದೆ ಗೋಡೆ. ಬಾಗಿಲು ಒಂದೇ ಇರಬೇಕು, ಅದು ಹೊಡೆಯುವವರ ಬೆನ್ನ ಹಿಂದೆ ಇರಬೇಕು. ಇಂಥ ಹಾಲು ರಾಣೆಬೆನ್ನೂರಲ್ಲಿ ಇಲ್ಲವೇ? ಬೀಜದ ಗೋದಾಮು, ಎಪಿಎಂಸಿ ಗೋದಾಮು, ಬ್ಯಾಡಗಿಯಲ್ಲಂತೂ ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದ ಜಾಗಕ್ಕೆ ಲೆಕ್ಕವಿಲ್ಲ (ಘಾಟು ಇಳಿಯಲು ಒಂದು ವಾರ ಬಿಡಬೇಕಾದೀತು, ಕೆಮ್ಮುತ್ತ ಗುರಿ ಹಿಡಿಯಲಾಗದು). ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಕಲಿಸಬಲ್ಲ ಸಿಬ್ಬಂದಿ ಅಲ್ಲಿದ್ದಾರೆ. ಎನ್‌ಸಿಸಿ ಇದೆ. ಖೇಲೋ ಇಂಡಿಯಾ ಎಂಬ ಯೋಜನೆ ಇದೆ. ಹಾವೇರಿ ಜಿಲ್ಲೆಯಾಗಿದ್ದು 1997ರಲ್ಲಿ. ಇಷ್ಟು ವರ್ಷದಲ್ಲಿ ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸುವ ಕೆಲಸವನ್ನು ಯಾರೂ ಮಾಡಿಲ್ಲ.

ನಮ್ಮ ಬಳಗದಲ್ಲೇ ಒಬ್ಬರು ಈ ಬರಹಕ್ಕೆ ತಕರಾರು ತೆಗೆದರು. ಅವರ ಮಾತನ್ನು ಬಿಟ್ಟುಬಿಡುವುದು ಸರಿಯಲ್ಲ. “2008ರ ಜೂನ್ 10 ಮರೆತಿರೇನು? ಗೊಬ್ಬರ ಕೇಳಾಕ ಬಂದ ರೈತರಿಗೆ ಹಾವೇರಿಯಾಗ ಗುಂಡು ಹಾರಿಸಿದ್ರು. ಇಬ್ಬರು ಸತ್ರು. ಈ ಜಿಲ್ಲಾದಾಗ ಬಂದೂಕಂದ್ರ ಅದ ನೆನಪು. ಮಕ್ಕಳ ಕೈಯಾಗ ಕೊಡ್ರಿ ಅಂತ ನೀವು ಬರೀತೀರಿ.” ಗೋಲಿಬಾರ್ ನಡೆದ ಆ ದಿನ ನಾವು ಇನ್ನೂ ಓದುವ ಹುಡುಗರು. ಈ ಕೆಲಸಕ್ಕೆ ಬರಲು ಅದೂ ಒಂದು ಕಾರಣ. ಅವರ ಮಾತು ಎದೆಗೆ ತಾಕಿತು. ಎರಡು ದಿನ ಇದನ್ನು ಬರೆಯದೆ ಬಿಟ್ಟೆವು.

ಕೊನೆಗೆ ನಮಗೆ ಅನ್ನಿಸಿದ್ದು ಇಷ್ಟು. ಹುಡುಗರ ತಲೆಯಲ್ಲಿ ಬಂದೂಕು ಈಗಾಗಲೇ ಇದೆ. ಪಬ್ಜಿ ತಂದಿಟ್ಟಿದೆ, ಸಿನಿಮಾ ತಂದಿಟ್ಟಿದೆ, ಆ ಐದು ಸಾವಿರ ಕೇಳುವವನೂ ತರುತ್ತಿದ್ದಾನೆ. ಅವರಿಗೆ ಗೊತ್ತಿರುವ ಬಂದೂಕು ಅದೊಂದೇ: ಕಪ್ಪು, ಉದ್ದ, ಪಟಪಟ ಹಾರಿಸುವಂಥದ್ದು. ಅದಕ್ಕೇ ಒಲಿಂಪಿಕ್ಸ್ ಎಂದಾಗಲೂ ಸೆಮಿ-ಆಟೊಮ್ಯಾಟಿಕ್ ಎಂದೇ ಬಾಯಿಗೆ ಬರುತ್ತದೆ. ಒಂದು ತಾಸು ಅಲ್ಲಾಡದೆ ನಿಂತು, ಕಾಗದದ ಚುಕ್ಕೆಗೆ ಸೀಸದ ಕಾಳು ಹೊಡೆದು, ಒಂಬತ್ತು ಬಂತೇಕೆ ಎಂದು ತನ್ನ ಉಸಿರನ್ನೇ ಬೈದುಕೊಳ್ಳುವ ಹುಡುಗನಿಗೆ ಆ ಕಪ್ಪು ರೈಫಲ್ ಆಮೇಲೆ ಆಟದ ಸಾಮಾನಿನಂತೆ ಕಾಣುತ್ತದೆ. ನಮ್ಮ ಗೆಳೆಯರು ಇದನ್ನು ಪೂರ್ತಿ ಒಪ್ಪಿಲ್ಲ. ಬರೆಯಬೇಡಿ ಎಂದೂ ಹೇಳಲಿಲ್ಲ.

ಇನ್ನು ಕೊಳ್ಳುವವರಿಗೆ, ವಿಚಾರಿಸಿದವರಿಂದ ನಾವು ಕಲಿತದ್ದನ್ನು ಹೇಳಿಬಿಡುತ್ತೇವೆ. ಮೊದಲ ಆರು ತಿಂಗಳು ಏನನ್ನೂ ಕೊಳ್ಳಬೇಡಿ. ಹುಬ್ಬಳ್ಳಿಯ ರೇಂಜಿಗೆ ವಾರಕ್ಕೊಮ್ಮೆ ಹೋಗಿ ಅಲ್ಲಿನ ರೈಫಲ್ಲಿನಲ್ಲೇ ಕಲಿಯಿರಿ. ಆಮೇಲೂ ಆಸೆ ಉಳಿದಿದ್ದರೆ ಎರಡು ದಾರಿ. ಭಾರತದಲ್ಲೇ ತಯಾರಾದ ಸ್ಪ್ರಿಂಗ್ ಏರ್ ರೈಫಲ್ ಇಪ್ಪತ್ತು ಸಾವಿರದೊಳಗೆ ಸಿಗುತ್ತದೆ. ಹಿಡಿಯುವುದು, ನಿಲ್ಲುವುದು, ಟ್ರಿಗರ್ ಒತ್ತುವುದು ಕಲಿಯಲು ಅದು ಸಾಕು. ಆದರೆ ಹೊಡೆದಾಗ ಸ್ಪ್ರಿಂಗ್ ಒದೆಯುತ್ತದೆ, ಮೇಲಿನ ಮಟ್ಟದ ಸ್ಪರ್ಧೆಗೆ ಸಾಲದು. ಬೇಟೆಗೆಂದು ಮಾರುವ ಹೆಚ್ಚು ಶಕ್ತಿಯದ್ದನ್ನಂತೂ ಮುಟ್ಟಬೇಡಿ. ಕೃಷ್ಣಮೃಗದ ನಾಡಿನಲ್ಲಿ ಅದು ಕೈಯಲ್ಲಿದ್ದರೆ ಆಟಕ್ಕೆ ಎಂದರೆ ಅರಣ್ಯ ಇಲಾಖೆಯವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಎರಡನೆಯದು, ಹಿರಿಯ ಶೂಟರ್‌ಗಳು ಬದಲಾಯಿಸುವಾಗ ಮಾರುವ ಹಳೆಯ ಜರ್ಮನ್ ರೈಫಲ್. ಚೆನ್ನಾಗಿ ಇಟ್ಟುಕೊಂಡದ್ದಾದರೆ ಇಪ್ಪತ್ತು ವರ್ಷದ್ದೂ ಗುರಿ ತಪ್ಪುವುದಿಲ್ಲ. ನೋಡಬೇಕಾದ್ದು ಬ್ಯಾರಲ್ಲಿಗಿಂತ ಮೊದಲು ಗಾಳಿಯ ಸಿಲಿಂಡರ್. ಅದರ ಮೇಲೆ ತಯಾರಾದ ದಿನಾಂಕ ಕೆತ್ತಿರುತ್ತಾರೆ, ಬಳಕೆಗೆ ಹತ್ತು ವರ್ಷದ ಮಿತಿ. ಅವಧಿ ಮೀರಿದ ಸಿಲಿಂಡರ್ ಇದ್ದರೆ ಸ್ಪರ್ಧೆಯಲ್ಲಿ ತೊಂದರೆ, ಕೈಗೂ ಅಪಾಯ. ಹೊಸ ಸಿಲಿಂಡರಿನ ಬೆಲೆ ಕೇಳಿಕೊಂಡು, ಅದನ್ನು ಕಳೆದು ಚೌಕಾಸಿ ಮಾಡಿ. ಎಡಗೈಯವರು ಎಡಗೈ ಹಿಡಿಕೆಯದ್ದೇ ಹುಡುಕಿ. ಪೂರ್ತಿ ರೈಫಲ್ಲಿನ ತೂಕ ಐದೂವರೆ ಕಿಲೊ ಮೀರಬಾರದು. ಪೆಲೆಟ್ ಹಾಕದೆ, ಮನೆಯ ಗೋಡೆಗೆ ಚುಕ್ಕೆ ಅಂಟಿಸಿ ದಿನಾ ಅರ್ಧ ತಾಸು ಗುರಿ ಹಿಡಿಯುವುದು ದೊಡ್ಡ ಶೂಟರ್‌ಗಳೂ ಮಾಡುವ ಅಭ್ಯಾಸ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಪಾಯಿಂಟ್ 22ರ ಯೋಚನೆ ಅದಾದ ಮೇಲೆ, ಇಪ್ಪತ್ತೊಂದು ತುಂಬಿದ ಮೇಲೆ, ಸಂಸ್ಥೆಯ ಸದಸ್ಯತ್ವ ಮತ್ತು ಸ್ಪರ್ಧೆಯ ಅಂಕಪಟ್ಟಿ ಕೈಯಲ್ಲಿ ಹಿಡಿದು.

ಇದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಹುಡುಗನಿಗೆ ಕೊಟ್ಟೆವು. ಆ ಹಿಂದಿ ಸಂದೇಶದ ನಂಬರನ್ನು ಅವನ ಎದುರಿಗೇ ಬ್ಲಾಕ್ ಮಾಡಿಸಿದೆವು. ಎರಡು ಭಾನುವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಹುಬ್ಬಳ್ಳಿಗೆ ಹೋಗಿಬಂದನಂತೆ. ಮೂರನೆಯ ಭಾನುವಾರ ಹೊಲದಲ್ಲಿ ರಾಶಿ ಇತ್ತು, ಹೋಗಲಿಲ್ಲ.

ಮೊನ್ನೆ ಮತ್ತೆ ಚಹಾದಂಗಡಿಗೆ ಬಂದಿದ್ದ. ಈ ಸಲ ಮೊಬೈಲ್ ತೆಗೆಯಲಿಲ್ಲ. ಕಿಸೆಯಿಂದ ಮಡಚಿದ ಒಂದು ಗುರಿಯ ಕಾಗದ ತೆಗೆದು ಮೇಜಿನ ಮೇಲೆ ಹರವಿದ. ಹತ್ತು ತೂತು. ಏಳು ಕಪ್ಪಿನ ಒಳಗೆ, ಮೂರು ಹೊರಗೆ. “ಜಾಕೆಟ್ ಇಲ್ದ ಹೊಡದದ್ರಿ ಅಣ್ಣಾರ” ಎಂದ. ಅವರಪ್ಪ ಗೋವಿನಜೋಳ ಮಾರಿ ಬಂದ ಮೇಲೆ ನೋಡೋಣ ಎಂದಿದ್ದಾರಂತೆ. ಕ್ವಿಂಟಲ್‌ಗೆ ಎಷ್ಟು ಸಿಕ್ಕಿತು ಎಂದು ನಾವು ಕೇಳಲಿಲ್ಲ.